ಮದ್ದು ಒಂದು ಡಬ್ಬಿ, ಗುಂಡು ಒಂದು

ಚಿಂತಾಮಣಿಯಲ್ಲಿ ಇಪ್ಪತ್ತೆರಡು ವರ್ಷ ಪತ್ರ ಬರೆದವನು ನಾನು. ಪ್ರೇಮಪತ್ರವಲ್ಲ. ಕ್ರಯಪತ್ರ, ದಾನಪತ್ರ, ವಿಭಾಗಪತ್ರ. ಯಾರ ಹೊಲದ ಪೂರ್ವಕ್ಕೆ ಯಾರ ಹುಣಸೇಮರವಿದೆ, ಪಶ್ಚಿಮಕ್ಕೆ ಯಾರ ಬಾವಿಯಿದೆ ಎಂದು ಒಂದಕ್ಷರ ಹೆಚ್ಚಿಲ್ಲದೆ, ಒಂದಕ್ಷರ ಕಮ್ಮಿಯಿಲ್ಲದೆ ಬರೆಯುವುದು ನನ್ನ ಕಸುಬು. ಅಂಥವನಿಗೆ ಒಂದು ಕೈಚೀಲ ಹಿಡಿದುಕೊಂಡು ವಿಮಾನ ಹತ್ತುವುದು ಏನು ಮಹಾ ಕೆಲಸ?

ಹಾಗೆಂದು ನಾನು ನಂಬಿದ್ದೆ. ಈಗ ನಿಧಾನವಾಗಿ, ನಡೆದದ್ದನ್ನು ನಡೆದ ಹಾಗೆಯೇ ಬರೆಯುತ್ತೇನೆ.

ಎಂಬತ್ತರ ದಶಕ ಮುಗಿಯುತ್ತಾ ಬಂದಿದ್ದ ಒಂದು ಚಳಿಗಾಲ. ನನ್ನ ತಂಗಿ ಸರೋಜ ಗಂಡನ ಕೆಲಸದ ಊರಿನಲ್ಲಿ, ದೂರದ ಉತ್ತರದಲ್ಲಿ ಇದ್ದಳು. ಅಮ್ಮ ಆ ಊರನ್ನು ಎಂದೂ ಹೆಸರು ಹಿಡಿದು ಕರೆದವಳಲ್ಲ. ‘ಆ ಚಳಿ ಊರು’ ಎನ್ನುತ್ತಿದ್ದಳು. ಚೊಚ್ಚಲು ಹೆರಿಗೆಗೆ ಸರೋಜ ನಮ್ಮ ಮನೆಗೆ ಬರಬೇಕಿತ್ತು. ಅಮ್ಮ ಒಳಕೋಣೆಗೆ ಸುಣ್ಣ ಹೊಡೆಸಿದ್ದಳು, ಹಳೆಯ ಸೀರೆಗಳನ್ನು ಒಗೆದು ಮೆತ್ತಗೆ ಮಾಡಿ ಮಡಿಸಿಟ್ಟಿದ್ದಳು. ಬಜೆಯನ್ನು ಹರಳೆಣ್ಣೆ ದೀಪದಲ್ಲಿ ಸುಟ್ಟು, ಒಣಶುಂಠಿ, ಜಾಯಿಕಾಯಿ, ಅಳಲೆಕಾಯಿ ಸೇರಿಸಿ ಕುಟ್ಟಿ ಮಗುವಿಗೆ ಮದ್ದು ಮಾಡಿಟ್ಟಿದ್ದಳು. ಆಗಲೇ ಅಲ್ಲಿಂದ ಕಾಗದ ಬಂತು. ಪ್ರಯಾಣ ಕೂಡದೆಂದು ಡಾಕ್ಟರು ಹೇಳಿದ್ದಾರಂತೆ.

ಹಾಗಾದರೆ ತಾನೇ ಹೋಗುತ್ತೇನೆಂದು ಅಮ್ಮ ಹೊರಟಳು. ಆದರೆ ಅವಳ ಕಣ್ಣಿನ ಪೊರೆ ಆಗಲೇ ಬಲಿತಿತ್ತು, ಆಪರೇಷನ್ ಮುಂದಕ್ಕೆ ಹಾಕುವಂತಿರಲಿಲ್ಲ. ಆಪರೇಷನ್ ಆದ ಮೂರನೇ ದಿನಕ್ಕೆ ಟೆಲಿಗ್ರಾಂ ಬಂತು: ಹೆಣ್ಣು ಮಗು, ತಾಯಿ ಮಗು ಕ್ಷೇಮ. ಅಮ್ಮ ಎರಡು ಕಣ್ಣಿಗೂ ಪಟ್ಟಿ ಕಟ್ಟಿಸಿಕೊಂಡು ಅಂಗಾತ ಮಲಗಿದ್ದಳು. ಅಳುವುದಕ್ಕೂ ಡಾಕ್ಟರ ಅಪ್ಪಣೆ ಇರಲಿಲ್ಲ.

“ಸೀನಾ, ನೀನು ಹೋಗಪ್ಪ,” ಅಂದಳು. “ನಾಮಕರಣಕ್ಕೆ ಸೋದರಮಾವ ಇಲ್ದಿದ್ರೆ ಹೆಂಗೆ? ನನ್ನ ಮದ್ದು ತಗೊಂಡ್ಹೋಗು. ಮದ್ದರೆಯೋ ಗುಂಡೂ ತಗೊಂಡ್ಹೋಗು. ಮಗೂನ ಚೆನ್ನಾಗಿ ನೋಡ್ಕೊಂಡ್ ಬಾ. ಹಣೆ ಹೆಂಗಿದೆ, ಮೂಗು ಯಾರ್ದು, ಕಾಲ್ಬೆರಳು ಹೆಂಗವೆ, ಎಲ್ಲ. ನಾನು ನಿನ್ ಕಣ್ಣಲ್ಲೇ ನೋಡ್ಬೇಕು ಕಣೋ.”

“ಆಗಲಮ್ಮ,” ಎಂದೆ. ನೋಡಿದ್ದನ್ನು ನೋಡಿದ ಹಾಗೆ ಹೇಳುವುದು ನನಗೇನು ಹೊಸದೇ!

ಗುಂಡು ಎಂದರೆ ಕರಿಕಲ್ಲಿನ ಗುಂಡು, ಬೇಲದ ಹಣ್ಣಿನಷ್ಟು ಗಾತ್ರ. ಅಮ್ಮನ ಅಜ್ಜಿಯ ಕಾಲದಿಂದ ಅರೆದು ಅರೆದು ಕನ್ನಡಿಯಂತೆ ನುಣುಪಾಗಿತ್ತು. ಆ ಗುಂಡಿನಲ್ಲಿ ಅರೆಯದಿದ್ದರೆ ಮದ್ದಿಗೆ ಗುಣವಿಲ್ಲವೆಂದು ಅಮ್ಮನ ತೀರ್ಮಾನ.

ರೈಲಿನಲ್ಲಿ ಹೋದರೆ ಎರಡು ರಾತ್ರಿ ಹಿಡಿಯುತ್ತಿತ್ತು, ಜಾಗವೂ ಸಿಗಲಿಲ್ಲ. ನಮ್ಮ ಬೀದಿಯ ಖಾದರ್ ಸಾಬರು ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲಿನ ವ್ಯಾಪಾರ ಮಾಡುವವರು. ವಿಮಾನದಲ್ಲಿ ಎರಡು ಸಲ ಹೋಗಿ ಬಂದವರು. ಅವರೇ ಯಾರನ್ನೋ ಹಿಡಿದು ಟಿಕೆಟ್ಟು ಕೊಡಿಸಿದರು, ಜೊತೆಗೆ ಬುದ್ಧಿಯನ್ನೂ ಹೇಳಿದರು.

“ಅರೆ ಸೀನಣ್ಣ, ಅಲ್ಲಿ ಚೀಲ ಬಿಚ್ಚಿ ನೋಡ್ತಾರೆ. ಏನೂ ಮುಚ್ಚಿಡಬೇಡಿ. ಏನೈತೆ ಎಲ್ಲಾ ಖುಲ್ಲಾ ಹೇಳಿಬಿಡಿ. ನಮ್ಮದು ಸಾಫ್ ಇದ್ರೆ ಡರ್ ಯಾಕೆ?”

ಬಾಯಲ್ಲಿ ಹೇಳುವುದೇಕೆ, ಬರೆದೇ ಕೊಡುತ್ತೇನೆ ಎಂದುಕೊಂಡೆ. ಒಂದು ಬಿಳಿ ಹಾಳೆ ತೆಗೆದುಕೊಂಡು, ಮಾರ್ಜಿನ್ ಬಿಟ್ಟು, ‘ಕೈಚೀಲದ ಷೆಡ್ಯೂಲು’ ಎಂದು ತಲೆಬರಹ ಹಾಕಿ, ಅಂದವಾದ ಕನ್ನಡದಲ್ಲಿ ಪಟ್ಟಿ ಮಾಡಿ ಕೆಳಗೆ ಸಹಿ ಹಾಕಿದೆ.

ನನ್ನ ಹೆಂಡತಿ ಲಲಿತ ಇಣುಕಿ ನೋಡಿದಳು. “ರೀ, ಆ ಕಲ್ಲನ್ನ ಪೆಟ್ಟಿಗೇಲಿ ಹಾಕ್ಬಿಡಿ. ಈ ಪಟ್ಟಿ ಗಿಟ್ಟಿ ಯಾಕೆ?”

ಮಂಚದಿಂದ ಅಮ್ಮನ ದನಿ ಬಂತು. “ಬ್ಯಾಡಮ್ಮ. ಮದ್ದು ಗುಂಡು ಹೊತ್ತೋರ ಕೈಯಿಂದ ಇಳೀಬಾರ್ದು. ಪರರ ಕೈ ತಾಗಿದ್ರೆ ಗುಣ ಹೋಗ್ತದೆ.”

“ಕೇಳಿದೆಯಾ?” ಎಂದು ಲಲಿತಳಿಗೆ ಹೇಳಿ ಚೀಲದ ಬಾಯಿ ಕಟ್ಟಿದೆ.

ಮುಂದೆ ಬರುವ ಮೂರು ವಿಮಾನ ನಿಲ್ದಾಣಗಳನ್ನು ಒಂದನೇ, ಎರಡನೇ, ಮೂರನೇ ನಿಲ್ದಾಣ ಎಂದೇ ಕರೆಯುತ್ತೇನೆ. ಅಲ್ಲಿ ಕೆಲಸ ಮಾಡಿದವರೆಲ್ಲ ಈಗ ಪಿಂಚಣಿ ತೆಗೆದುಕೊಂಡು ನೆಮ್ಮದಿಯಾಗಿರಬಹುದು. ಅವರಿಗೆ ನನ್ನ ನೆನಪು ಮಾಡಿಕೊಡುವುದು ಸರಿಯಲ್ಲ.

ಒಂದನೇ ನಿಲ್ದಾಣದ ತಪಾಸಣೆಯಲ್ಲಿ ಕನ್ನಡದ ಪೇದೆಯೊಬ್ಬರು ನಿಂತಿದ್ದರು. ಅವರು ಕೇಳುವ ಮೊದಲೇ ಪಟ್ಟಿ ಕೊಟ್ಟೆ. ಅವರು ತುಟಿ ಅಲ್ಲಾಡಿಸುತ್ತಾ ಓದಿದರು.

“ಒಂದು. ಮದ್ದು, ಒಂದು ಡಬ್ಬಿ. ಕಪ್ಪು ಪುಡಿ. ಮನೆಯಲ್ಲೇ ತಯಾರಿಸಿದ್ದು. ಎರಡು. ಸದರಿ ಮದ್ದಿಗೆ ಸಂಬಂಧಪಟ್ಟ ಗುಂಡು, ಒಂದು. ವಂಶಪಾರಂಪರ್ಯವಾಗಿ ಬಂದದ್ದು. ಉದ್ದೇಶ: ಹನ್ನೊಂದನೇ ದಿನ ಮಗುವಿಗೆ ಹಾಕುವುದು...”

ತುಟಿ ನಿಂತಿತು.

“ಇದನ್ನ ಬರ್ದಿದ್ದು ಯಾರು?”

“ನಾನೇ. ಅಕ್ಷರ ಸ್ಪಷ್ಟವಾಗಿಲ್ಲವೇ?”

“ಸ್ಪಷ್ಟವಾಗೇ ಐತೆ!” ಎಂದು ಅವರು ಸೀಟಿ ಊದಿದರು.

ಮದ್ದುಗುಂಡು ಎಂಬ ಮಾತನ್ನು ನಾನು ಪತ್ರಿಕೆಯಲ್ಲಿ ಎಷ್ಟೋ ಸಲ ಓದಿದ್ದೇನೆ. ನಮ್ಮ ಮನೆಯ ಡಬ್ಬಿಗೂ ಕಲ್ಲಿಗೂ ಸೇರಿ ಅದೇ ಹೆಸರಾಗುತ್ತದೆಂದು ಒಂದು ಕ್ಷಣವೂ ಹೊಳೆದಿರಲಿಲ್ಲ. ಇಪ್ಪತ್ತೆರಡು ವರ್ಷದ ಅನುಭವ!

ಇನ್ನಿಬ್ಬರು ಓಡಿ ಬಂದರು. ಒಬ್ಬರು ನನ್ನ ರಟ್ಟೆ ಹಿಡಿದರು.

“ನಿಮ್ ಹಿಂದೆ ಯಾರಿದಾರೆ? ನಿಜ ಹೇಳಿ!”

ನಾನು ತಿರುಗಿ ನೋಡಿ ನಿಜ ಹೇಳಿದೆ. “ಒಬ್ಬರು ಹೆಂಗಸು, ಎರಡು ಮಕ್ಕಳು, ಆಮೇಲೆ ಛತ್ರಿ ಹಿಡಿದವರೊಬ್ಬರು.”

“ಇದನ್ನ ಕಳಿಸಿದ್ದು ಯಾರು ಅಂತ ಕೇಳ್ತಿದೀನಿ!”

“ನಮ್ಮ ತಾಯಿ.”

“ಎಲ್ಲಿದಾರೆ ಅವರು?”

“ಮಂಚದ ಮೇಲೆ. ಎರಡೂ ಕಣ್ಣು ಕಟ್ಟಿದೆ.”

“ಕಟ್ಟಿದ್ ಯಾರು?”

“ಡಾಕ್ಟರು.”

ಇಷ್ಟು ಹೊತ್ತಿಗೆ ಸರತಿಯಲ್ಲಿದ್ದವರೆಲ್ಲ ಗೋಡೆಗೆ ಒರಗಿ ನಿಂತಿದ್ದರು. ಛತ್ರಿಯವರು ಛತ್ರಿ ಬಿಚ್ಚಿ ಅದರ ಹಿಂದೆ ಕೂತಿದ್ದರು. ಒಳಗಿನಿಂದ ಇನ್ಸ್‌ಪೆಕ್ಟರು ಬಂದರು. ಪಟ್ಟಿ ಓದಿದರು. ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಡಬ್ಬಿಯ ಮುಚ್ಚಳವನ್ನು ಒಂದು ಬೆರಳಿನಿಂದ ಎತ್ತಿ, ಮೂಗಿನ ಹತ್ತಿರ ತಂದು, ಹಾಗೇ ನಿಂತುಬಿಟ್ಟರು.

“ಬಜೆ ಸುಟ್ಟಿದ್ದೇನ್ರಿ ಇದು?”

“ಹೌದು ಸ್ವಾಮಿ. ಹರಳೆಣ್ಣೆ ದೀಪದಲ್ಲಿ.”

ಇನ್ನೊಂದು ಸಲ ಮೂಸಿದರು. ಮುಖದ ಮೇಲಿನ ಪೊಲೀಸು ಸ್ವಲ್ಪ ಸ್ವಲ್ಪವಾಗಿ ಇಳಿದುಹೋಯಿತು.

“ನಮ್ದು ಮಂಚೇನಹಳ್ಳಿ ಕಡೆ. ನಮ್ಮಜ್ಜಿ ಸೆರಗಿನ ತುಂಬ ಇದೇ ವಾಸನೆ ಇರ್ತಿತ್ತು.” ಮತ್ತೊಮ್ಮೆ ಡಬ್ಬಿಯೊಳಗೆ ನೋಡಿದರು. “ಆಕೆ ಹೋದ್ಮೇಲೆ ಈ ವಾಸನೆ ಬಂದಿರ್ಲಿಲ್ಲ ನೋಡಿ ಮೂಗಿಗೆ.”

ಪೇದೆ ಮೆಲ್ಲಗೆ ನನ್ನ ರಟ್ಟೆ ಬಿಟ್ಟರು. ಇನ್ಸ್‌ಪೆಕ್ಟರು ಡಬ್ಬಿಯನ್ನು ತಾವೇ ಮುಚ್ಚಿ ನನ್ನ ಚೀಲದಲ್ಲಿಟ್ಟರು.

“ಮದ್ದು ಹೋಗ್ಲಿ. ಕಲ್ಲೂ ಹೋಗ್ಲಿ, ಕಲ್ಲಿಗೇನು ರೆಕ್ಕೆ ಇದ್ಯಾ? ಆದ್ರೆ ನಿಮ್ ಚೀಲದಲ್ಲಿರೋ ಟಾರ್ಚಿನ ಸೆಲ್ಲು ಮಾತ್ರ ಬಿಡಲ್ಲ. ಸೆಲ್ಲು ಬಹಳ ಡೇಂಜರು.”

ಎರಡು ಸೆಲ್ಲನ್ನು ಕಿತ್ತುಕೊಂಡು ಖಾಲಿ ಟಾರ್ಚನ್ನು ವಾಪಸು ಕೊಟ್ಟರು. “ಆಮೇಲೆ ಸ್ವಾಮಿ, ಆ ಪಟ್ಟಿ ಹರಿದು ಹಾಕ್ಬಿಡಿ,” ಎಂದರು.

ಸಹಿ ಹಾಕಿದ ಪತ್ರವನ್ನು ಹರಿದು ಅಭ್ಯಾಸವಿಲ್ಲ. ವಿಮಾನದಲ್ಲಿ ಕೂತು ‘ಮದ್ದು’ ಹೊಡೆದು ‘ಔಷಧಿ’ ಎಂದು ಬರೆದೆ. ‘ಗುಂಡು’ ಹೊಡೆದು ‘ಕಲ್ಲು’ ಎಂದು ಬರೆದೆ. ಚಿತ್ತಾದ ಕಡೆಯಲ್ಲೆಲ್ಲ ಪಕ್ಕದಲ್ಲಿ ಚಿಕ್ಕ ಸಹಿ ಹಾಕಿದೆ. ಇನ್ನು ಯಾರೂ ನನ್ನನ್ನು ಅಲ್ಲಾಡಿಸುವಂತಿಲ್ಲ!

ವಿಮಾನ ನಡುವೆ ಎರಡನೇ ನಿಲ್ದಾಣದಲ್ಲಿ ಇಳಿಯಿತು. ಅದಕ್ಕೇನೋ ತೊಂದರೆಯಂತೆ, ಎಲ್ಲರೂ ಬೇರೆ ವಿಮಾನ ಹತ್ತಬೇಕಂತೆ. ಹತ್ತುವ ಮುಂಚೆ ಇನ್ನೊಮ್ಮೆ ತಪಾಸಣೆಯಂತೆ. ಅದು ತೆಲುಗಿನ ಊರು. ನಾನು ಹೆದರಲಿಲ್ಲ. ಚಿಂತಾಮಣಿಯವನಿಗೆ ತೆಲುಗು ಬರುವುದಿಲ್ಲವೇ? ಅರ್ಧ ವ್ಯವಹಾರ ನಡೆಯುವುದೇ ಅದರಲ್ಲಿ. ಅಲ್ಲಿಯ ಅಧಿಕಾರಿ ಕನ್ನಡದ ಪಟ್ಟಿಯನ್ನು ತಲೆಕೆಳಗಾಗಿ ಹಿಡಿದು ನೋಡಿ, ವಾಪಸು ಕೊಟ್ಟು, ಡಬ್ಬಿಯಲ್ಲಿ ಏನಿದೆ ಎಂದರು.

“ಮಂದು,” ಎಂದೆ.

ತೆಲುಗಿನಲ್ಲಿ ಔಷಧಿಯೂ ಮಂದೇ, ಸಾರಾಯಿಯೂ ಮಂದೇ, ಸಿಡಿಯುವ ಪುಡಿಯೂ ಮಂದೇ. ನಮ್ಮೂರಲ್ಲಾದರೆ ಹೇಳಿದವನ ಮುಖ ನೋಡಿದರೆ ಯಾವ ಮಂದು ಎಂದು ಗೊತ್ತಾಗುತ್ತದೆ. ಅವರಿಗೆ ನನ್ನ ಮುಖ ಹೊಸದು.

“ಏ ಮಂದು?”

“ಇಂಟ್ಲೋ ಚೇಸಿಂದಿ,” ಎಂದೆ. ಮನೆಯಲ್ಲೇ ಮಾಡಿದ್ದು.

“ಎವರಿಕಿ?”

“ಚಂಟಿಬಿಡ್ಡಕಿ.” ಹಾಲು ಕುಡಿಯುವ ಮಗುವಿಗೆ.

ಹಸುಗೂಸಿಗೆ ಭಟ್ಟಿ ಸಾರಾಯಿ ಹೊತ್ತೊಯ್ಯುವ ಮಾವನನ್ನು ಹೇಗೆ ನೋಡಬೇಕೋ ಹಾಗೆ ಅವರು ನನ್ನನ್ನು ನೋಡಿದರು. ನನಗೇ ಒಂದು ಚಿಟಿಕೆ ತಿನ್ನಿಸಿದರು. ನನ್ನ ಮುಖ ಹಿಂಡಿಹೋದ ರೀತಿಯಿಂದ ಅದು ಔಷಧಿಯೇ ಎಂದು ಖಾತ್ರಿಯಾಗಿ ಡಬ್ಬಿಯನ್ನು ಬಿಟ್ಟರು. ಆಮೇಲೆ ಟಾರ್ಚು ಎತ್ತಿಕೊಂಡರು. ಗುಂಡಿ ಒತ್ತಿದರು. ಹತ್ತಲಿಲ್ಲ. ಹಿಂಬದಿ ತಿರುವಿ ನೋಡಿದರು.

“ಇದರಲ್ಲಿ ಸೆಲ್ಲೇ ಇಲ್ಲ,” ಎಂದು ತೆಲುಗಿನಲ್ಲಿ ಗದರಿದರು. “ಸೆಲ್ಲಿಲ್ಲದ ಟಾರ್ಚನ್ನ ಯಾರಾದ್ರೂ ಹೊತ್ಕೊಂಡು ಓಡಾಡ್ತಾರಾ? ಏನು ಬಚ್ಚಿಡೋಕೆ ಖಾಲಿ ಮಾಡಿದೀರಿ?”

ಸೆಲ್ಲು ಡೇಂಜರೆಂದು ಒಂದನೇ ನಿಲ್ದಾಣದಲ್ಲಿ ಕಿತ್ತುಕೊಂಡರೆಂದೆ. ಅವರು ನಕ್ಕರು. ನನ್ನ ಮುಂದಿನವರ ರೇಡಿಯೋದಲ್ಲಿ ನಾಲ್ಕು ಸೆಲ್ಲಿದ್ದವು, ಹಾಡುತ್ತಲೇ ದಾಟಿಹೋಯಿತು. ಒಬ್ಬ ಅಜ್ಜನ ಅಡಕತ್ತರಿಯನ್ನು ಇವರೇ ಕಚಕಚನೆ ಆಡಿಸಿ ನೋಡಿ, ಚೆನ್ನಾಗಿದೆಯೆಂದು ಹೊಗಳಿ ಕೊಟ್ಟರು. ಕೊನೆಗೆ ಚೀಲದಲ್ಲಿ ಸುತ್ತಿಟ್ಟಿದ್ದ ನನ್ನ ಬನಿಯನ್ ಬಿಚ್ಚಿ ನಮ್ಮ ಗುಂಡನ್ನು ಹೊರಗೆ ತೆಗೆದರು.

“ಇದಿ ವದ್ದು.” ಇದು ಬೇಡ!

“ಅಯ್ಯೋ, ಅಲ್ಲಿ ಬಿಟ್ಟರಲ್ಲ ಸ್ವಾಮಿ!”

“ಅದಿ ಅಕ್ಕಡ. ಇದಿ ಇಕ್ಕಡ.”

ಅದು ಅಲ್ಲಿ, ಇದು ಇಲ್ಲಿ. ನಾಲ್ಕೇ ಮಾತು. ಹೊಲದ ನಾಲ್ಕು ದಿಕ್ಕಿನ ಎಲ್ಲೆ ಹೇಳುವ ಚೆಕ್ಕುಬಂದಿಯನ್ನು ಇಷ್ಟು ಚಿಕ್ಕದಾಗಿ ನಾನೂ ಎಂದೂ ಬರೆದಿಲ್ಲ. ಈ ಕಲ್ಲಿನಿಂದ ವಿಮಾನ ನಡೆಸುವವರ ತಲೆ ಒಡೆಯಬಹುದಂತೆ. ಅಡಕತ್ತರಿಯಿಂದ ಅಡಕೆ ಮಾತ್ರ ಒಡೆಯುತ್ತದಂತೆ!

ನಾನು ಬೇಡಿಕೊಂಡೆ. ಅಮ್ಮ, ಕಣ್ಣಿನ ಪಟ್ಟಿ, ಸುಣ್ಣ ಹೊಡೆಸಿದ ಕೋಣೆ, ಎಲ್ಲವನ್ನೂ ಕ್ರಮವಾಗಿ ಹೇಳಿದೆ. ಅವರ ಮನಸ್ಸು ಸ್ವಲ್ಪ ಕರಗಿತು. ಕಲ್ಲನ್ನು ಒಂದು ದಪ್ಪ ಲಕೋಟೆಗೆ ಹಾಕಿ, ಮೊಹರು ಮಾಡಿ, ಚೀಟಿ ಕಟ್ಟಿ, ವಿಮಾನದ ಸಿಬ್ಬಂದಿಯ ಕೈಗೆ ಕೊಡುತ್ತೇವೆ, ಇಳಿದ ಮೇಲೆ ತೆಗೆದುಕೊಳ್ಳಿ ಎಂದರು. ಇನ್ನರ್ಧ ಚೀಟಿ ನನಗೆ ಕೊಟ್ಟರು. ಹೊತ್ತವರ ಕೈಯಿಂದ ಇಳಿಯಬಾರದ ಗುಂಡು ಇಳಿಯಿತು. ನಾಲ್ಕು ತಲೆಮಾರಿನ ಹೆಂಗಸರ ಅಂಗೈ ಬಿಟ್ಟು ಬೇರೆ ಯಾವ ಕೈಯನ್ನೂ ಕಾಣದ ಕಲ್ಲು ಅದು. ಕಿಟಕಿಯ ಆಚೆ ಬರೀ ಮೋಡವಿತ್ತು. ಅಂಗೈಯಗಲದ ಚೀಟಿಯನ್ನು ಬಿಗಿಯಾಗಿ ಹಿಡಿದುಕೊಂಡೇ ಅಷ್ಟು ದೂರವೂ ಕೂತಿದ್ದೆ.

ಮೂರನೇ ನಿಲ್ದಾಣದಲ್ಲಿ ಇಳಿದು ಚೀಟಿ ಕೊಟ್ಟೆ. ಲಕೋಟೆ ಕೊಟ್ಟರು. ಹಗುರವಾಗಿತ್ತು. ಬಿಚ್ಚಿದೆ. ಒಳಗೆ ಮಕ್ಕಳ ಆಟದ ಪಿಸ್ತೂಲು!

ಗುಂಡು ಕೊಟ್ಟವನಿಗೆ ಪಿಸ್ತೂಲು ಸಿಕ್ಕಿತು!

ಕೌಂಟರಿಗೆ ಓಡಿದೆ. ಅಲ್ಲಿ ಹಿಂದಿ. ಪಿಸ್ತೂಲನ್ನು ಮುಂದೆ ಹಿಡಿದು, ಬಂದಷ್ಟು ಹಿಂದಿಯಲ್ಲಿ ಸ್ಪಷ್ಟವಾಗಿ ಹೇಳಿದೆ: “ಯೇ ಪಿಸ್ತೂಲ್ ಮೇರಾ ನಹೀ. ಮೇರಾ ಸಿರ್ಫ್ ಗೋಲಿ ಹೈ.” ಈ ಪಿಸ್ತೂಲು ನನ್ನದಲ್ಲ, ಗುಂಡು ಮಾತ್ರ ನನ್ನದು. ಕೌಂಟರಿನ ಹೆಣ್ಣುಮಗಳು ಕುರ್ಚಿಯ ಸಮೇತ ಹಿಂದಕ್ಕೆ ಸರಿದಳು.

ಮುಂದಿನ ಒಂದು ಗಂಟೆಯ ವಿವರ ಬೇಡ. ಲಕೋಟೆ ಅದಲುಬದಲಾಗಿತ್ತು. ಪಿಸ್ತೂಲಿನ ಒಡೆಯ, ಯಾವುದೋ ಒಂದು ಮಗು, ಅಪ್ಪ ಅಮ್ಮನ ಜೊತೆ ಟ್ಯಾಕ್ಸಿ ಹತ್ತಿ ಆ ಊರಿನ ಮಂಜಿನಲ್ಲಿ ಹೋಗಿಯಾಗಿತ್ತು. ಎಲ್ಲೋ ಒಂದು ಮನೆಯಲ್ಲಿ ಆ ಮಗು ಲಕೋಟೆ ಬಿಚ್ಚಿ, ಕಪ್ಪು ಕಲ್ಲನ್ನು ಕಂಡು, ಗಟ್ಟಿಯಾಗಿ ಅತ್ತಿರಬೇಕು. ನಾನು ಅಳಲಿಲ್ಲ. ವಯಸ್ಸಾಗಿತ್ತು.

ಸರೋಜಳ ಮನೆಯ ಬಾಗಿಲಲ್ಲಿ ನಾಲ್ಕನೇ ತಪಾಸಣೆ ಕಾದಿತ್ತು. ಅವಳ ಅತ್ತೆ, ಗೌರಿಬಿದನೂರಿನವರು, ಗಟ್ಟಿಗಿತ್ತಿ. ಡಬ್ಬಿ ತೆಗೆದು ಮೂಸಿ, ಮುಚ್ಚಳ ಬಿಗಿಯಾಗಿ ಮುಚ್ಚಿ, ಅಲಮಾರಿನ ತುದಿಗೆ ಇಟ್ಟುಬಿಟ್ಟರು.

“ಬೇಜಾರು ಮಾಡ್ಕೋಬೇಡಿ ಸೀನಪ್ಪ. ತಾಯಿ ಹಾಲು ಬಿಟ್ಟು ತೊಟ್ಟು ನೀರೂ ಹಾಕ್ಬೇಡಿ ಅಂದವ್ರೆ ಡಾಕ್ಟ್ರು. ಮದ್ದು ಗಿದ್ದು ಏನೂ ಬ್ಯಾಡ.”

ಅವರು ಹೇಳಿದ್ದು ಸರಿಯೇ ಇತ್ತು. ಮೂರು ನಿಲ್ದಾಣ ದಾಟಿದ ಮದ್ದು ತೊಟ್ಟಿಲಿಗೆ ನಾಲ್ಕು ಮಾರು ದೂರದಲ್ಲಿ ನಿಂತುಹೋಯಿತು!

ಅತ್ತೆ ಅಡಿಗೆಮನೆಗೆ ಹೋದಾಗ ಸರೋಜ ಪಿಸುಗುಟ್ಟಿದಳು. “ಅಣ್ಣಾ, ಅದನ್ನ ಇಳಿಸ್ಕೊಡೋ.”

ಇಳಿಸಿಕೊಟ್ಟೆ. ಅವಳು ಮುಚ್ಚಳ ತೆಗೆದು ಮೂಸಲಿಲ್ಲ, ಮುಖವನ್ನೇ ಡಬ್ಬಿಯ ಮೇಲೆ ಇಟ್ಟುಬಿಟ್ಟಳು. ಎಷ್ಟೋ ಹೊತ್ತು ಎತ್ತಲಿಲ್ಲ. ಎತ್ತಿದಾಗ ಮೂಗಿನ ತುದಿ ಕಪ್ಪಗಾಗಿತ್ತು, ಕೆನ್ನೆಯ ಮೇಲೆ ಎರಡು ಕಪ್ಪು ಗೆರೆ ಇಳಿದಿದ್ದವು.

“ಅಮ್ಮ ಹೆಂಗಿದಾಳೋ?”

“ಚೆನ್ನಾಗಿದ್ದಾಳೆ. ಅಳಬಾರದು ಅಂತ ಹೇಳಿದ್ದಾರೆ ಅವಳಿಗೆ.”

“ನಂಗ್ಯಾರೂ ಹೇಳಿಲ್ವಲ್ಲ,” ಎಂದು ನಗುತ್ತಲೇ ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡಳು. “ಥೂ, ಅದೇ ಕಹಿ! ಹಾಲಲ್ಲಾದ್ರೂ ಇವಳಿಗೆ ಸೇರ್ಲಿ ಬಿಡು.”

ಅಲ್ಲಿ ಎರಡು ದಿನ ಇದ್ದೆ. ನಾಮಕರಣಕ್ಕೆ ಬಂದ ನಮ್ಮ ಕಡೆಯವರಿಗೆಲ್ಲ ಸರೋಜಳ ಗಂಡ ನನ್ನ ತಪಾಸಣೆಯ ಕಥೆ ಹೇಳಿಸಿದ. ‘ಅದಿ ಅಕ್ಕಡ, ಇದಿ ಇಕ್ಕಡ’ ಎಂದಾಗಲೆಲ್ಲ ಮನೆ ಬಿರಿಯುವಂತೆ ನಗು. ಒಂಬತ್ತು ಸಲ ಹೇಳಿದೆ. ಪ್ರತಿ ಸಲವೂ ಇನ್ನಷ್ಟು ಚೆನ್ನಾಗಿ ಹೇಳಿದೆ. ಮಗುವನ್ನು ಎತ್ತಿಕೊಂಡದ್ದು ಒಂದೇ ಸಲ. ಚಳಿಗೆ ಅದನ್ನು ಟೋಪಿ, ಶಾಲು, ಕಂಬಳಿ ಎಂದು ಮೂರು ಸುತ್ತು ಸುತ್ತಿದ್ದರು. ತೊಡೆಯ ಮೇಲೆ ಒಂದು ಬೆಚ್ಚಗಿನ ಗಂಟು ಇದ್ದ ಹಾಗಿತ್ತು. ಆಗ ಯಾರೋ “ಆ ಛತ್ರಿಯವರು ಏನು ಮಾಡಿದ್ರು, ಅದನ್ನ ಇನ್ನೊಂದ್ಸಲ ಹೇಳಿ” ಎಂದರು. ಗಂಟನ್ನು ಸರೋಜಳಿಗೆ ಕೊಟ್ಟು ಛತ್ರಿ ಬಿಚ್ಚಿ ತೋರಿಸಲು ಎದ್ದೆ.

ಚಿಂತಾಮಣಿಗೆ ಬಂದು ಇಳಿದಾಗ ಮಧ್ಯಾಹ್ನ. ಅಮ್ಮನ ಪಟ್ಟಿ ಇನ್ನೂ ಬಿಚ್ಚಿರಲಿಲ್ಲ. ಹೆಜ್ಜೆ ಸದ್ದಿಗೇ ದಿಂಬಿನಿಂದ ತಲೆಯೆತ್ತಿದಳು. ಮಂಚದ ಪಕ್ಕ ಕೂತು ಎಲ್ಲವನ್ನೂ ಹೇಳಿದೆ. ಕಲ್ಲು ಹೋದದ್ದನ್ನೂ ಮುಚ್ಚಿಡಲಿಲ್ಲ. ಅವಳು “ಹೋಗ್ಲಿ, ಅದೂ ಯಾರೋ ಮಗು ಕೈಗೇ ಸೇರ್ತಲ್ಲ,” ಎಂದಳು. ಆಮೇಲೆ ನನ್ನ ಮೊಣಕೈಯನ್ನು ತಡವಿ ಹಿಡಿದುಕೊಂಡಳು.

“ಈಗ ಹೇಳು. ಮಗು ಹೆಂಗಿದೆ?”

“ಚೆನ್ನಾಗಿದೆ ಅಮ್ಮ.”

“ಚೆನ್ನಾಗಿದೆ ಅಂದ್ರೆ? ಕೂದಲು ಐತಾ?”

ಟೋಪಿ ನೆನಪಾಯಿತು. ಹಸಿರು ಟೋಪಿ, ಅಂಚಿಗೆ ಕೆಂಪು ಉಣ್ಣೆ, ಎಡಗಡೆ ಒಂದು ಎಳೆ ಬಿಚ್ಚಿಕೊಂಡಿತ್ತು. ಅದರ ಕೆಳಗೆ ಏನಿತ್ತೋ!

“ಐತಮ್ಮ. ಗುಂಗುರು.”

“ಕಾಲ್ಬೆರಳು?”

“ಐದೈದಿದೆ.”

“ಮೂಗು ಯಾರ್ದೋ?”

ಇಪ್ಪತ್ತೆರಡು ವರ್ಷದಲ್ಲಿ ಸ್ಥಳ ನೋಡದೆ ಒಂದು ಪತ್ರ ಬರೆದವನಲ್ಲ ನಾನು. ಒಳಗೆ ಲಲಿತ ಪಾತ್ರೆ ತೊಳೆಯುವುದನ್ನು ನಿಲ್ಲಿಸಿದ್ದು ಕೇಳಿಸಿತು.

“ನಿನ್ ಮೂಗೇ ಅಮ್ಮ. ಅಚ್ಚು ಹೊಯ್ದ ಹಾಗೆ.”

ಪಟ್ಟಿಯ ಕೆಳಗೆ ಅಮ್ಮನ ತುಟಿ ಅರಳಿತು. ಕೈ ತಾನಾಗಿ ಮೇಲೆ ಹೋಗಿ ತನ್ನ ಮೂಗನ್ನು ಮೆಲ್ಲಗೆ ಸವರಿತು, ಮೊದಲು ಎಡಗಡೆ, ಆಮೇಲೆ ಬಲಗಡೆ.

“ಸುಳ್ಳು ಹೇಳೋಕೂ ಬರಲ್ಲ ಕಣೋ ನಿಂಗೆ,” ಎಂದಳು. ಕೈ ಮಾತ್ರ ಮೂಗಿನ ಮೇಲೇ ಇತ್ತು. “ಇರ್ಲಿ. ಇನ್ನೊಂದ್ಸಲ ಹೇಳು.”

ಹೇಳಿದೆ. ಕೂದಲಿನಿಂದ ಶುರು ಮಾಡಿ, ನಿಧಾನವಾಗಿ, ಒಂದೂ ಬಿಡದೆ ಎಲ್ಲವನ್ನೂ ಹೇಳಿದೆ. ಆ ಸಲ ಮೂಗು ನಮ್ಮ ಅಪ್ಪನದಾಗಿಬಿಟ್ಟಿತು!